ವ್ಯಾಸಪೀಠದ ಮೇಲೆ ಚುಕ್ಕಿಲೋಕ

ಪುಸ್ತಕಕ್ಕೆ ಕೈಮುಗಿಯಲು ಬಾಗಿದ ಗುರುಲಿಂಗಪ್ಪನವರು ಬಾಗಿದಂತೆಯೇ ನಿಂತುಬಿಟ್ಟರು. ವ್ಯಾಸಪೀಠದ ಮೇಲೆ ತೆರೆದಿದ್ದುದು ಪುರಾಣವಲ್ಲ, ಚುಕ್ಕಿಗಳ ನಡುವೆ ಹಾರುವ ಹಡಗಿನ ಚಿತ್ರವಿದ್ದ ಕಾದಂಬರಿ. ಓದುತ್ತಿದ್ದ ಸೊಸೆ ವಿಮಲಾಬಾಯಿ ಗಡಬಡಿಸಿ ಎದ್ದಳು. ಮಾವ ಇಂದು ಶಹಾಬಾದಿನ ಕಲ್ಲಿನ ಖಣಿಯಿಂದ ಬೇಗನೆ ಬಂದಿದ್ದರು.

ನಿಜಾಮನ ರಜಾಕಾರರ ಗುಂಡಿಗೆ ಕಿರಿಮಗ ಬಲಿಯಾದಾಗಿನಿಂದ ಅತ್ತೆ ಅಮೃತಮ್ಮ ಗೋಡೆಗೆ ಮುಖ ಮಾಡಿ ಮಲಗಿದವರು. ಮಾತಿಲ್ಲ, ಸರಿಯಾದ ಊಟವಿಲ್ಲ. ಅವರಿಗೆ ಶ್ರಾವಣದ ಪುರಾಣ ಓದಿ ಹೇಳು ಎಂದು ಮಾವ ಸೊಸೆಗೆ ಹೇಳಿದ್ದರು. ನಾಲ್ಕು ದಿನ ಓದಿದರೂ ಅತ್ತೆ ಹೊರಳಲಿಲ್ಲ. ಐದನೆಯ ದಿನ ಅವಳು ತನ್ನ ಟ್ರಂಕಿನಲ್ಲಿದ್ದ ಕಾದಂಬರಿ ತೆಗೆದು ಓದಿದಳು. ಚುಕ್ಕಿಲೋಕದ ದುಷ್ಟ ಅರಸನ ಮೇಲೆ ದಂಗೆಯೆದ್ದ ತರುಣ, ಅವನಿಗೆ ಮನಸೋತ ಅರಸನ ಮಗಳು. ಅಂದು ಅತ್ತೆ ಈ ಕಡೆ ಹೊರಳಿದರು. ಮರುದಿನ ಎದ್ದು ಕುಳಿತು ರೊಟ್ಟಿ ಕೇಳಿದರು. ಈಗ ಮಾವ ಪುಸ್ತಕ ಕಸಿದುಕೊಂಡರೆ?

"ತಪ್ಪಾಯ್ತ್ರಿ, ಮಾವಾರ," ಎಂದಳು ವಿಮಲಾಬಾಯಿ. "ಅತ್ತಿಯವರಿಗೆ ಗೊತ್ತಿಲ್ರಿ, ಪುರಾಣ ಅಂತನ ಕೇಳ್ಯಾರ."

"ಯಾರಿಗೆ ಗೊತ್ತಿಲ್ಲ?" ಅಮೃತಮ್ಮ ಗದರಿದರು. "ಯಾವ ಪುರಾಣದಾಗ ಚುಕ್ಕಿ ಮ್ಯಾಲ ಹಡಗ ಹೋಗ್ತದವಾ? ಏನ್ರೀ, ಬೆಳಕಿಗೆ ಅಡ್ಡ ಯಾಕ ನಿಂತೀರಿ? ಅಲ್ಲಿ ಆ ಹುಡುಗ ಸೆರಿಮನ್ಯಾಗ ಕುಂತಾನ!"

ಹೆಂಡತಿಯ ಬೈಗುಳ ಕೇಳಿ ಗುರುಲಿಂಗಪ್ಪನವರಿಗೆ ಎಷ್ಟು ತಿಂಗಳಾಗಿತ್ತೋ. ಅವರು ರುಮಾಲು ತೆಗೆದು ಪಕ್ಕಕ್ಕಿಟ್ಟು ಚಾಪೆಯ ಮೇಲೆ ಕುಳಿತರು. "ಮೊದಲಿಂದ ಓದವಾ. ನನಗೂ ತಿಳೀಲಿ."

ವಿಮಲಾಬಾಯಿ ಕುಳಿತು ಮೊದಲ ಪುಟಕ್ಕೆ ತಿರುವಿದಳು.

"ಮೊದಲಿಂದ ಬ್ಯಾಡ, ನೀ ಮುಂದ ಓದು," ಎಂದರು ಅಮೃತಮ್ಮ, ಗಂಡನ ಹತ್ತಿರಕ್ಕೆ ಸರಿಯುತ್ತ. "ಹಿಂದಿಂದು ಇವರಿಗೆ ನಾ ಹೇಳ್ತೀನಿ."