ಟ್ರೇಲರಿಗೊಂದು ಮಂತ್ರ

ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಮಕ್ಕಳಿಲ್ಲದ ಮುದಿ ಪುರೋಹಿತರಿಗೆ ಒಂದೇ ಕೊರಗು: ತಾವೂ ಕಣ್ಮುಚ್ಚಿದ ಮೇಲೆ ಅಂಬುಜಳ ಹೆಸರು ಹೇಳಿ ತರ್ಪಣ ಬಿಡುವವರು ಯಾರು?

ಅಂಥ ಹೊತ್ತಿನಲ್ಲಿ ಸಿನಿಮಾದವರು ಬಂದು ಅವರನ್ನು ಸ್ಟುಡಿಯೋಗೆ ಕರೆದೊಯ್ದರು. ಪರದೆಯ ಮೇಲೆ ಕೆಂಪು ನಿಲುವಂಗಿಯವನೊಬ್ಬ, ತಲೆಯ ಹಿಂದೆ ಪ್ರಭಾವಳಿ ಬೆಳಗಿಸಿಕೊಂಡು, ಶಂಖ ಊದುತ್ತ ಮೋಡ ಸೀಳಿ ಇಳಿದವನೇ ಒಂದೇ ಗುದ್ದಿಗೆ ಸೇತುವೆ ಮುರಿದ.

"ಇದು ಯಾವ ದೇವರಪ್ಪಾ?"

"ದೇವರಲ್ಲ ಗುರುಗಳೇ, ಸೂಪರ್ ಹೀರೋ. ಇವನು ಇಳಿಯೋವಾಗ ಹಿಂದೆ ಒಂದು ಮಂತ್ರ ಬೇಕು," ಎಂದ ನಿರ್ದೇಶಕ.

"ಯಾವ ಮಂತ್ರ?"

"ಯಾವುದಾದ್ರೂ ಸರಿ. ಕೇಳಿದೋರ ಮೈ ಜುಮ್ ಅನ್ನಬೇಕು, ಅಷ್ಟೇ."

"ಅರ್ಥ ನೋಡೋದು ಬೇಡವೇನಯ್ಯಾ?"

"ಅರ್ಥ ಯಾರು ಕೇಳ್ತಾರೆ ಗುರುಗಳೇ? ಹನ್ನೆರಡು ಡ್ರಮ್ ಬಾರಿಸ್ತಿದ್ದೀವಿ!"

ಪುರೋಹಿತರು ಜನಿವಾರವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಿಸಿಕೊಂಡರು.

"ಮೈಕಿಗೆ ತಾಗ್ತಿತ್ತಾ ಗುರುಗಳೇ?"

"ಹೂಂ, ಹಾಗೇ ಅಂದ್ಕೋ."

ಕಣ್ಣು ಮುಚ್ಚಿ ಮಂತ್ರ ಹೇಳಿದರು. ಕೊನೆಗೆ ದನಿ ನಡುಗಿತು.

"ಆಹಾ! ಆ ನಡುಕ ಇದೆಯಲ್ಲ, ಅದಕ್ಕೇ ಶಿಳ್ಳೆ ಬೀಳೋದು!" ಎಂದು ನಿರ್ದೇಶಕ ಕುಣಿದಾಡಿದ.

ಟ್ರೇಲರು ಮೊಬೈಲುಗಳಲ್ಲಿ ಮನೆಮನೆಗೂ ಹರಡಿ, ಊರಿಗೆಲ್ಲ ಮಂತ್ರ ಬಾಯಿಪಾಠವಾಯಿತು. ಚಿತ್ರ ಬಿಡುಗಡೆಯಾದ ದಿನ ಪುರೋಹಿತರು ಚಿತ್ರಮಂದಿರದ ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಹೀರೋ ಮೋಡ ಸೀಳುತ್ತಿದ್ದಂತೆ ಸಾವಿರ ಅಭಿಮಾನಿಗಳು ಎದ್ದುನಿಂತು, ಕೈಜೋಡಿಸಿ, ಒಕ್ಕೊರಲಿನಿಂದ ಗರ್ಜಿಸಿದರು:

"ಮಮ ಧರ್ಮಪತ್ನೀಂ ಅಂಬುಜಾಂ ಸ್ವಧಾ ನಮಸ್ತರ್ಪಯಾಮಿ!"