ಮುದ್ರೆ ನಿಲ್ಲದ ಮಹಿಷಾಸುರ

"ಲೇಪ ಎಲ್ಲಿ?" ಎಂದ, ಮೇಳಕ್ಕೆ ಹೋಗುವ ಮುಖವಾಡಗಳನ್ನು ಪರೀಕ್ಷಿಸಲು ಬಂದ ಸರ್ಕಾರಿ ನೌಕರ ಶಶಧರ ಬಾಬು, ಮಹಿಷಾಸುರನ ಹಸಿರು ಮೂಗಿಗೆ ತನ್ನ ಮೂಗು ತಾಗಿಸಿ.

"ಬಳಿದಿದೀನಿ ಬಾಬು," ಎಂದ ಮುಖವಾಡ ಮಾಡಿದ ಭೂತನಾಥ ಸೂತ್ರಧಾರ್. "ಬಲರಾಂಪುರದ ಬಿಳಿ ಅರಗು. ಸ್ಪಿರಿಟ್‌ನಲ್ಲಿ ಕರಗಿಸಿ ಮೂರು ಸಲ."

"ಕಾಣ್ತಿಲ್ಲ."

"ಕಾಣಬಾರದು ಅಂತಾನೇ ಅಲ್ವಾ ಅರಗಿನ ಬಣ್ಣ ತೆಗೆಯೋದು? ನಿಮ್ಮ ಕಾಗದದಲ್ಲೇ ಇದೆ, ಬಣ್ಣವಿಲ್ಲದ ನೈಸರ್ಗಿಕ ಲೇಪ ಅಂತ."

ಹೋದ ವರ್ಷ ಅಗ್ಗದ ವಾರ್ನಿಷ್ ಬಳಿದು, ಭೂತನಾಥ ಮಾಡಿದ ದುರ್ಗೆ ಕಾಮಾಲೆ ಹಿಡಿದಂತೆ ಹಳದಿಯಾಗಿ ಕೊಲ್ಕತ್ತಾ ಮೇಳದಿಂದ ವಾಪಸ್ ಬಂದಿದ್ದಳು. ಈ ಸಲವೂ ಮೇಳದ ಮಳಿಗೆ ತಪ್ಪಿದರೆ ಕಸುಬು ಬಿಟ್ಟು ಇಟ್ಟಿಗೆ ಭಟ್ಟಿಗೆ ಹೋಗಬೇಕು. ಇದು ಬಾಬುವಿಗೂ ಗೊತ್ತಿತ್ತು. ಗೊತ್ತಿದ್ದವರ ಕೈಗೇ ಸರ್ಕಾರ ಮುದ್ರೆ ಕೊಡುವುದು.

"ಅಷ್ಟು ಹೊಳೀತಿದೆ, ಕಣ್ಣಿಲ್ವಾ?" ಎಂದಳು ಬಾಗಿಲಲ್ಲಿ ನಿಂತ ಭೂತನಾಥನ ಹೆಂಡತಿ ಪುತುಲ್.

"ಹೊಳಪು ಬಣ್ಣದ್ದಮ್ಮ. ನಾನು ಕೇಳ್ತಿರೋದು ಲೇಪ."

ಪುತುಲ್ ಒಂದು ಚೊಂಬು ನೀರು ತಂದು ಅಸುರನ ನೆತ್ತಿಗೆ ಸುರಿದೇಬಿಟ್ಟಳು. ಬಣ್ಣ ಒಂದಿಷ್ಟೂ ಕದಡಲಿಲ್ಲ. ನೀರು ಗಲ್ಲದಿಂದ ಜಾರಿ ಬಾಬುವಿನ ಬೂಟಿಗೆ ಬಿತ್ತು. "ಜಾರೋದು ನೀರಿನ ಗುಣ," ಎಂದು ಆತ ಕಾಲು ಕೊಡವಿದ. ಆದರೂ ಊಟದ ಹೊತ್ತಾಗಿತ್ತು. ಸೀಲನ್ನು ನೇರಳೆ ಶಾಯಿಗೆ ಅದ್ದಿ ಅಸುರನ ಕೆನ್ನೆಗೆ ಒತ್ತಿದ. 'ತೇರ್ಗಡೆ' ಎಂಬ ಅಕ್ಷರಗಳು ಹನಿಹನಿಯಾಗಿ ಒಡೆದು, ಕಣ್ಣೀರಿನ ಹಾಗೆ ಕೆಳಗಿಳಿದವು. ಹಣೆಗೆ ಒತ್ತಿದ. ಅಲ್ಲೂ ನಿಲ್ಲಲಿಲ್ಲ.

"ನೋಡಿ! ಲೇಪ ಇಲ್ದಿದ್ರೆ ಶಾಯಿ ಯಾಕೆ ಜಾರುತ್ತೆ?" ಎಂದ ಭೂತನಾಥ.

"ಸರಿಯಪ್ಪ, ಲೇಪ ಇದೆ. ಮುದ್ರೆ ಇಲ್ಲವಲ್ಲ! ಮುದ್ರೆ ಇಲ್ಲದ್ದು ಮೇಳಕ್ಕೆ ಹೋಗೋ ಜೀಪು ಹತ್ತೋ ಹಾಗಿಲ್ಲ."

"ಒಳಗಡೆ ಒತ್ತಿ ಬಾಬು, ಅಲ್ಲಿ ಬಳಿದಿಲ್ಲ."

"ಬಳಿಯದ ಕಡೆ ಒತ್ತಿದರೆ, ಬಳಿಯದ್ದನ್ನ ಪಾಸು ಮಾಡಿದ ಹಾಗಾಗಲ್ವೇನಯ್ಯಾ?"

ಭೂತನಾಥನ ನೆತ್ತಿ ಕಾದುಹೋಯಿತು. ಬಾಬುವಿನ ಮಣಿಕಟ್ಟು ಹಿಡಿದು, ಸೀಲನ್ನು ತನ್ನ ಹಣೆಗೇ ಬಡಿದುಕೊಂಡ. "ಇಲ್ಲಿ ಒತ್ತಿ! ಇದಕ್ಕೆ ಯಾವ ಲೇಪಾನೂ ಬಳಿದಿಲ್ಲ!"

ಬಾಬು ಬಾಗಿ ಅವನ ಹಣೆಯನ್ನು ಓದಿದ. ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಬೆರಳಿನಿಂದ ಉಜ್ಜಿ ನೋಡಿದ, ಅಳಿಸಲಿಲ್ಲ. ನಿರಾಳವಾಗಿ ಉಸಿರು ಬಿಟ್ಟ.

"ಹಾಂ, ಇದು ಸರಿ. ಜೀಪು ಹತ್ತು."

"ಮುಖವಾಡ?"

"ಅದಕ್ಕೆಲ್ಲಿದೆ ಮುದ್ರೆ?"

ಭೂತನಾಥ ಹೆಂಡತಿಯ ಕಡೆ ನೋಡಿದ. ಮಳಿಗೆಯಂತೂ ಸಿಕ್ಕಿತಲ್ಲ ಎಂದುಕೊಂಡು ಹತ್ತಿದ. ದಾರಿಯಲ್ಲಿ ಮುಕ್ಕಾಗಬಾರದೆಂದು ಡ್ರೈವರ್ ಅವನ ಸುತ್ತ ಹುಲ್ಲು ತುಂಬಿದ.

ಪುತುಲ್ ಬೀದಿಯತ್ತ ನೋಡಲಿಲ್ಲ. ಮಹಿಷಾಸುರನ ಕೆನ್ನೆ ಒರೆಸುತ್ತ ಕೂತಿದ್ದಳು. ಕನ್ನಡಿಯಂತೆ ಹೊಳೆಯುವ ಆ ಕೆನ್ನೆಯೊಳಗೇ ಜೀಪು, ಹುಲ್ಲು, ಗಂಡನ ಹಣೆಯ ನೇರಳೆ ಕಲೆ ಎಲ್ಲವೂ ಇರುವೆಯಷ್ಟು ಚಿಕ್ಕದಾಗಿ, ಸ್ವಚ್ಛವಾಗಿ, ದೂರ ಹೋಗುತ್ತಿದ್ದವು.