ಇಲ್ಲಿಗೆ ನಿಲ್ಲಿಸಿದ್ದೇನೆ

ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ರಂಜಿನಿ ಬರೆದ ಪ್ರೋಗ್ರಾಮು ಮೂಡಿತು. ಏಳನೆಯ ಸಾಲಿನಲ್ಲೇ ‘ಹಾಲು ಉಕ್ಕಿತು. ಇಲ್ಲಿಗೆ ನಿಲ್ಲಿಸಿದ್ದೇನೆ’ ಎಂದಿತ್ತು.

ರಂಜಿನಿಯ ಕಿವಿ ಬಿಸಿಯಾಯಿತು. ಅವು ಕಂಪ್ಯೂಟರು ಓದದೆ ದಾಟಿಹೋಗುವ ಸಾಲುಗಳು. ಬರೆಯುವವರು ತಮ್ಮ ನೆನಪಿಗೆಂದು ನಡುನಡುವೆ ಗೀಚಿಕೊಳ್ಳುವಂಥವು. ನಿನ್ನೆ ಕೂತು ಅವನ್ನೆಲ್ಲ ಅಳಿಸಿ ಬೇರೊಂದು ಪ್ರತಿ ಮಾಡಿಟ್ಟಿದ್ದಳು. ಹುಲ್ಲಹಳ್ಳಿಯಲ್ಲಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದದ್ದು ಹಳೆಯದನ್ನು.

ನಂಜನಗೂಡಿನ ಬಜಾರಿನಲ್ಲಿ, ಔಷಧಿ ಅಂಗಡಿಯ ಮಹಡಿಯ ಆ ಕೋಣೆಯಲ್ಲಿ ಮಧುಕುಮಾರ್ ಮತ್ತು ರಾಹುಲ್ ಇಬ್ಬರೇ ಸೇರಿ ಸುತ್ತಲಿನ ಸಣ್ಣ ಆಸ್ಪತ್ರೆಗಳಿಗೆ ಪ್ರೋಗ್ರಾಮು ಬರೆದುಕೊಡುತ್ತಿದ್ದರು. ಅವರಿಗೆ ಮೂರನೆಯವರೊಬ್ಬರು ಬೇಕಾಗಿತ್ತು. ಮದುವೆಗೆ ಮುಂಚೆ ಇದೇ ಕೆಲಸದಲ್ಲಿದ್ದ ರಂಜಿನಿ ಮೂರು ವರ್ಷ ಬಿಟ್ಟು, ಮತ್ತೆ ಕಲಿತು ಬಂದಿದ್ದಳು. ಇವತ್ತು ಈ ಕೆಲಸ ಸಿಗದಿದ್ದರೆ ಸೋಮವಾರದಿಂದ ಅವಳ ಲ್ಯಾಪ್‌ಟಾಪು ಕಾಲೇಜು ಸೇರಿದ ಮೈದುನನಿಗೆ ಎಂದು ಮನೆಯಲ್ಲಿ ಮಾತಾಗಿತ್ತು. ಮೂಲೆಯಲ್ಲಿ ಮಡಿಸಿ ಹಾಸಿದ ಕಂಬಳಿಯ ಮೇಲೆ ಅವಳ ಹತ್ತು ತಿಂಗಳ ಕೂಸು ಮಲಗಿತ್ತು.

“ಮಧಣ್ಣ, ಇಲ್ನೋಡು,” ರಾಹುಲ್ ಪರದೆಯ ಮೇಲಿನ ಸಾಲುಗಳನ್ನು ಸರಿಸುತ್ತ ನಗಲು ಶುರುಮಾಡಿದ. “‘ಅತ್ತೆ ಕರೆದರು. ಮುಂದೆ: ಒಂಬತ್ತನೇ ತಿಂಗಳಿನ ಚುಚ್ಚುಮದ್ದು.’ ಅದರ ಕೆಳಗೆ ಮತ್ತೆ ‘ಅತ್ತೆ ಕರೆದರು.’ ಐದು ಸಲ ಕರೆದವ್ರೆ ಕಣಣ್ಣ.”

“ಒಂದು ನಿಮಿಷ, ಅಳಿಸ್ಬಿಡ್ತೀನಿ,” ಎಂದು ರಂಜಿನಿ ಕೈ ಚಾಚಿದಳು.

“ಇರ್ಲಿ ಬಿಡಿ ಮೇಡಂ,” ಎಂದ ಮಧುಕುಮಾರ್. ಅವನು ನಗಲಿಲ್ಲ. ಆ ನಗದ ಮುಖ ನೋಡಿಯೇ ಅವಳಿಗೆ ಹೆಚ್ಚು ಭಯವಾಯಿತು. “ಎಲ್ಲಿ ಕಲಿತ್ರಿ ಇದನ್ನ?”

“ಯೂಟ್ಯೂಬಲ್ಲಿ. ಸೌಂಡ್ ಆಫ್ ಮಾಡಿ, ಕೆಳಗೆ ಬರೋ ಅಕ್ಷರ ಓದ್ಕೊಂಡು. ಸದ್ದಾದ್ರೆ ಕೂಸು ಏಳ್ತದೆ.”

“ನಾನು ದುಡ್ಡು ಕಟ್ಟಿ ಮೂರು ಕೋರ್ಸ್ ತಗೊಂಡೆ ಅಕ್ಕ, ಒಂದರಲ್ಲೂ ನಾಲ್ಕನೇ ಪಾಠ ದಾಟಿಲ್ಲ,” ಎಂದ ರಾಹುಲ್. “ಎರಡು ಪರದೆ ಇಲ್ದಿದ್ರೆ ನಂಗೆ ಕೈಯೇ ಓಡಲ್ಲ. ನಿಮ್ದೇನು ಸೆಟಪ್ಪು?”

“ಒಂದು ಲ್ಯಾಪ್‌ಟಾಪು, ಒಂದು ತೊಟ್ಟಿಲು. ತೊಟ್ಟಿಲ ಹಗ್ಗ ಕಾಲ್ಬೆರಳಿಗೆ ಕಟ್ಕೊಂಡಿರ್ತೀನಿ.”

ಮಧುಕುಮಾರ್ ಒಂದೊಂದೇ ಸಾಲನ್ನು ಬೆರಳಿಟ್ಟು ಓದುತ್ತಿದ್ದ. ಕೂಸು ಹುಟ್ಟಿದ ದಿನ ಕೊಟ್ಟರೆ ಅಂಗನವಾಡಿಯಲ್ಲಿ ಚುಚ್ಚುಮದ್ದು ಹಾಕಿಸುವ ಗುರುವಾರಗಳನ್ನು ಆ ಪ್ರೋಗ್ರಾಮು ಹೇಳುತ್ತಿತ್ತು. ಒಂದೊಂದು ಭಾಗವೂ ಹತ್ತು ಹನ್ನೆರಡು ಸಾಲು. ಅಷ್ಟರಲ್ಲಿ ಮುಗಿಯುವುದು, ಮುಗಿದಲ್ಲಿ ಒಂದು ಗುರುತು.

“ಗುರುವಾರವೇ ಹಬ್ಬ ಬಂದು ರಜೆ ಇದ್ರೆ?” ಎಂದು ಕೇಳಿದ.

ಹಬ್ಬದ ದಿನ ಅಂಗನವಾಡಿಯ ಬಾಗಿಲಿಗೆ ಹೋಗಿ, ಬೀಗ ನೋಡಿಕೊಂಡು ಕೂಸನ್ನೆತ್ತಿಕೊಂಡು ವಾಪಸ್ಸು ಬಂದವಳು ಅವಳೇ. ಬರೆಯುವಾಗ ಅದೇ ಮರೆತುಹೋಗಿತ್ತು.

“ಈಗ್ಲೇ ಸೇರಿಸ್ತೀನಿ,” ಎಂದು ಕೀಬೋರ್ಡಿಗೆ ಬಾಗಿದಳು. ಮೂರು ಸಾಲು ಆಗಿತ್ತು, ಕಂಬಳಿಯ ಮೇಲೆ ಕೂಸು ಕಾಲು ಬಡಿದು ಅತ್ತಿತು. ಅವಳು ಯೋಚಿಸಲೂ ಇಲ್ಲ. ಬೆರಳುಗಳು ತಾವಾಗಿ ಟೈಪು ಮಾಡಿದವು: ‘ಕೂಸು ಎದ್ದಿತು. ಇಲ್ಲಿಗೆ ನಿಲ್ಲಿಸಿದ್ದೇನೆ. ಮುಂದೆ: ರಜೆಯ ಪಟ್ಟಿ.’ ಆಮೇಲೆ ಕೂಸನ್ನೆತ್ತಿಕೊಂಡು, ಖಾಲಿ ರಟ್ಟಿನ ಡಬ್ಬಗಳಿದ್ದ ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಕೂಸು ಹಾಲು ಕುಡಿಯುತ್ತ ಅವಳ ಸರ ಹಿಡಿದು ಜಗ್ಗುತ್ತಿತ್ತು. ಹೊರಗೆ ಮಧುಕುಮಾರನ ದನಿ ಕೇಳಿಸಿತು: “ನಗ್ತೀಯಲ್ಲ, ಹೋದ ತಿಂಗಳು ನೀನು ಬರೆದಿದ್ದು ನನಗಿರ್ಲಿ, ನಿನಗಾದ್ರೂ ಅರ್ಥ ಆಯ್ತೇನ್ಲಾ?” ರಾಹುಲ್ ಏನೋ ಗೊಣಗಿದ. ಕುರ್ಚಿ ಎಳೆದ ಸದ್ದು. ತುಸು ಹೊತ್ತಿನ ಮೇಲೆ ಮೆಟ್ಟಿಲಿಳಿದು ಹೋದ ಚಪ್ಪಲಿಯ ಸದ್ದು. ಆಮೇಲೆ ಏನೂ ಇಲ್ಲ. ಲ್ಯಾಪ್‌ಟಾಪನ್ನು ಮೈದುನನಿಗೆ ಕೊಡುವ ಮೊದಲು ಕೂಸಿನ ಫೋಟೋಗಳನ್ನು ಬೇರೆ ಕಡೆ ಹಾಕಿಟ್ಟುಕೊಳ್ಳಬೇಕು ಎಂದುಕೊಂಡಳು. ಕೂಸನ್ನು ಹೆಗಲಿಗೆ ಹಾಕಿ, ತೇಗು ಬರುವವರೆಗೂ ಬೆನ್ನು ಸವರಿದಳು.

ಹೊರಗೆ ಬಂದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಟಿವಿ ಮಾತ್ರ ಉರಿಯುತ್ತಿತ್ತು. ಅವಳು ನಿಲ್ಲಿಸಿದ್ದ ಜಾಗದ ಕೆಳಗೆ ಹನ್ನೊಂದು ಹೊಸ ಸಾಲುಗಳಿದ್ದವು. ಅವುಗಳ ಕೆಳಗೆ, ಕಂಪ್ಯೂಟರು ಓದದೆ ದಾಟಿಹೋಗುವ ಸಾಲು:

‘ರಜೆಯ ಪಟ್ಟಿ ಸೇರಿಸಿದವನು ರಾಹುಲ್. ಕಾಫಿ ತರಲು ಇಬ್ಬರೂ ಹೋಗಿದ್ದೇವೆ, ಇಲ್ಲಿಗೆ ನಿಲ್ಲಿಸಿದ್ದೇನೆ. ಮುಂದೆ: ಸೋಮವಾರ ಹತ್ತು ಗಂಟೆಗೆ ರಂಜಿನಿಯಕ್ಕ. ಕೂಸು ಮಲಗದಿದ್ದರೆ ಹನ್ನೊಂದಕ್ಕೆ.’